ಉಳಿದದ್ದು, ಉಳಿಸಿದ್ದು

ಹಿತ್ತಲ ಚಪ್ಪರದಲ್ಲಿ ಹೀರೆಕಾಯಿ ಬಿಡತೊಡಗಿತೆಂದರೆ ಮನೆಯೊಡತಿಗೆ ಒಂದು ಸಣ್ಣ ಧರ್ಮಸಂಕಟವೂ ಶುರುವಾಯಿತೆಂದೇ ಅರ್ಥ. ನೀಳವಾಗಿ ಇಳಿಬಿದ್ದ ಎಳೆಯ ಕಾಯಿಯನ್ನು ಕಂಡರೆ ಕೈ ತಾನಾಗಿ ಚಾಕುವಿನತ್ತ ಹೋಗುತ್ತದೆ. ತಿರುಳು ತೊವ್ವೆಗೆ, ಸಿಪ್ಪೆ ಚಟ್ನಿಗೆ. ಅಂಥದ್ದನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಿಡಲು ಯಾರಿಗೆ ಮನಸ್ಸು ಬಂದೀತು? ಚೆನ್ನಾದವನ್ನೆಲ್ಲ ಉಂಡು ಮುಗಿಸಿ, ಎಲೆಯ ಮರೆಯಲ್ಲಿ ಕಣ್ಣಿಗೆ ಬೀಳದೆ ನಾರಾದ ಕೊನೆಯ ಕಾಯಿಯನ್ನು ನೋಡಿ, "ಇರಲಿ, ಬೀಜಕ್ಕಾಯಿತು" ಎನ್ನುವುದೇ ವಾಡಿಕೆ.

ಅದು ಉಳಿದದ್ದು, ಉಳಿಸಿದ್ದಲ್ಲ. ಒಂದೇ ಅಕ್ಷರದ ಅಂತರ; ಆದರೆ ಫಲದಲ್ಲಿ ಎಷ್ಟು ದೂರ! ಬೀಜ ಹಿಡಿಯಬಲ್ಲವರು ಮೊದಲು ನೋಡುವುದು ಕಾಯಿಯನ್ನಲ್ಲ, ಬಳ್ಳಿಯನ್ನು. ರೋಗ ತಾಕದ, ಬೇಗ ಫಲಕ್ಕೆ ಬಂದ, ರುಚಿಯ ಕಾಯಿ ಕೊಡುವ ಬಳ್ಳಿಯನ್ನು ಆರಿಸಿ, ಅದಕ್ಕೆ ಕಸುವಿರುವಾಗಲೇ ಒಂದೆರಡು ಕಾಯಿಗಳನ್ನು ಮುಟ್ಟದೆ ಬಿಡುತ್ತಾರೆ. ಬಡಕಲು ಬಳ್ಳಿಯ ತಡವಾದ ಕಾಯಿಯಿಂದ ವರ್ಷ ವರ್ಷವೂ ಬೀಜ ತೆಗೆದರೆ, ನಮಗೇ ಅರಿವಿಲ್ಲದೆ ಬಡಕಲುತನವನ್ನು ಆರಿಸಿದಂತಾಗುತ್ತದೆ. ಬಿಟ್ಟರೆ ಹೋಗುವುದು ಒಂದು ಕಾಯಿ ಮಾತ್ರವೂ ಅಲ್ಲ. ಕಾಯಿ ಬಲಿಯಲು ಬಿಟ್ಟ ಬಳ್ಳಿ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ.

ಇಲ್ಲಿ ಒಬ್ಬ ಗೆಳತಿ ಕೇಳಬಹುದು: "ಹೆಂಗಸರು ಬಿಟ್ಟುಕೊಟ್ಟದ್ದು ಸಾಲದೆ? ಎಲ್ಲರದೂ ಊಟವಾದ ಮೇಲೆ ತಳ ಹತ್ತಿದ ಅನ್ನ ಉಂಡವರು ನಾವು. ಇನ್ನು ಹೀರೆಕಾಯಿಯನ್ನೂ ಬಿಡಬೇಕೆ?" ನ್ಯಾಯವಾದ ಪ್ರಶ್ನೆ. ಆದರೆ ಎರಡೂ ಒಂದೇ ಅಲ್ಲ. ತಳ ಹತ್ತಿದ ಅನ್ನ ಉಳಿದದ್ದು. ಅದನ್ನು ತ್ಯಾಗವೆಂದು ಹೊಗಳಿ ಅವಳಿಗೆ ದಾಟಿಸಿದವರು ಬೇರೆಯವರು. ಬೀಜದ ಕಾಯಿ ಹಾಗಲ್ಲ. ಅದನ್ನು ಆರಿಸುವವಳು ಅವಳೇ. ಹೊಲ, ಮನೆ, ದುಡ್ಡು ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲೂ ಬೀಜದ ಬುರುಡೆ ಎಷ್ಟೋ ಮನೆಗಳಲ್ಲಿ ಹೆಂಗಸಿನ ಕೈಯಲ್ಲೇ ಇತ್ತು. ಬರುವ ವರ್ಷ ಮನೆಮಂದಿ ಏನು ಉಣ್ಣಬೇಕೆಂದು ತೀರ್ಮಾನಿಸುವುದು ಸಣ್ಣ ಅಧಿಕಾರವೇ? ಒಂದು ಮಾತು ಮಾತ್ರ ನಿಜ: ಆ ದಿನ ಹೀರೆಕಾಯಿ ಇಲ್ಲವೆಂದರೆ ಮನೆಯವರೆಲ್ಲರಿಗೂ ಇಲ್ಲವಾಗಬೇಕು, ಅವಳೊಬ್ಬಳಿಗಲ್ಲ.

ಈ ಪ್ರಶ್ನೆಯ ಅತಿ ಕಠಿಣ ರೂಪವನ್ನು ಎದುರಿಸಿದವರು ರಷ್ಯಾದಲ್ಲಿದ್ದರು. 1941ರ ಸೆಪ್ಟೆಂಬರಿನಿಂದ 1944ರ ಜನವರಿಯವರೆಗೆ ಲೆನಿನ್‌ಗ್ರಾಡ್ ನಗರಕ್ಕೆ ಜರ್ಮನ್ ಸೇನೆಯ ಮುತ್ತಿಗೆ. ಊರಿಗೆ ಊರೇ ಹಸಿವಿನಿಂದ ಸಾಯುತ್ತಿತ್ತು. ಅಲ್ಲಿನ ಸಸ್ಯಸಂಸ್ಥೆಯಲ್ಲಿ ವಿಜ್ಞಾನಿ ನಿಕೊಲಾಯ್ ವಾವಿಲೋವ್ ಮತ್ತು ಸಂಗಡಿಗರು ದೇಶದೇಶಗಳಿಂದ ಕೂಡಿಸಿದ್ದ ಅಕ್ಕಿ, ಗೋಧಿ, ಕಡಲೆಕಾಯಿಯ ಬೀಜಗಳಿದ್ದವು. ಕಾವಲಿದ್ದವರು ಅವನ್ನು ಮುಟ್ಟಲಿಲ್ಲ. ಅವರಲ್ಲಿ ಹಲವರು ಹಸಿವಿನಿಂದಲೇ ತೀರಿಕೊಂಡರು. ಅವರಿಗೆ ಕೈಮುಗಿಯುತ್ತೇನೆ. ಆದರೆ ಹಸಿದ ಮಗು ಎದುರಿಗಿದ್ದರೆ ನಾನು ಬೀಜದಕ್ಕಿಯನ್ನೂ ಬೇಯಿಸುವವಳೇ; ಅದನ್ನು ತಪ್ಪೆನ್ನಲು ನನ್ನ ಮನಸ್ಸು ಒಪ್ಪದು. ನಾಳೆಯ ಹಕ್ಕು ದೊಡ್ಡದು, ಇಂದಿನ ಹಸಿವು ಅದಕ್ಕಿಂತ ದೊಡ್ಡದು. ಆದರೆ ಹಿತ್ತಲಲ್ಲಿ ನಿಂತ ನಮ್ಮೆದುರಿಗೆ ಇರುವುದು ಹಸಿವಲ್ಲ, ಒಂದು ಹೊತ್ತಿನ ತೊವ್ವೆ.

ಅಂಗಡಿಯಲ್ಲಿ ಪೊಟ್ಟಣ ಸಿಗುವುದಿಲ್ಲವೇ ಎನ್ನಬಹುದು. ಸಿಗುತ್ತದೆ, ಕೊಳ್ಳುವುದರಲ್ಲಿ ದೋಷವೂ ಇಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕ' ಬೆಂಡೆಯಂಥ ತಳಿಗಳಿಂದ ನಾವೇ ಬೀಜ ಹಿಡಿಯಬಹುದು. ಪೊಟ್ಟಣದ ಮೇಲೆ 'ಹೈಬ್ರಿಡ್' ಎಂದಿದ್ದರೆ ಮಾತ್ರ ಅದರ ಬೀಜದಿಂದ ತಾಯಿಯಂಥದೇ ಗಿಡ ಬರುವ ಭರವಸೆಯಿಲ್ಲ.

ಹಿಡಿಯುವ ಕೆಲಸ ಕಷ್ಟದ್ದೇನಲ್ಲ, ಕಾಯುವುದಷ್ಟೇ ಕಷ್ಟ. ಹೀರೆ ಬಳ್ಳಿಯಲ್ಲೇ ಒಣಗಿ, ಅಲುಗಿಸಿದರೆ ಒಳಗೆ ಗಲಗಲ ಎನ್ನಬೇಕು. ಬದನೆ ಹಣ್ಣಾಗಿ ಹಳದಿಗೆ ತಿರುಗಬೇಕು. ಟೊಮೆಟೊ ಬೀಜವನ್ನು ಅದರ ರಸದಲ್ಲೇ ಎರಡು ಮೂರು ದಿನ ಹುಳಿಯಲು ಬಿಟ್ಟು ತೊಳೆದರೆ ಮೇಲಿನ ಲೋಳೆ ಕಳಚುತ್ತದೆ. ಎಲ್ಲವನ್ನೂ ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಟ್ಟರೆ ಹುಳುವಿನ ಕಾಟ ಕಡಿಮೆ. ಎಳೆಗಾಯಿಯ ಬೀಜ ಮಾತ್ರ ಎಷ್ಟು ಜೋಪಾನ ಮಾಡಿದರೂ ಮೊಳೆಯದು.

ಇಷ್ಟಾಗಿಯೂ ಆ ಬೀಜ ಪೂರ್ತಿ ನಮ್ಮದಲ್ಲ. ಹೀರೆಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಪರಾಗ ಹೊತ್ತು ತರುವ ಹುಳುಗಳಿಗೆ ಬೇಲಿಯ ಲೆಕ್ಕವಿಲ್ಲ. ನಮ್ಮ ಬೀಜದಲ್ಲಿ ಪಕ್ಕದ ಮನೆಯ ಬಳ್ಳಿಯ ಪಾಲೂ ಇದ್ದೀತು. ಆದ್ದರಿಂದ ಒಂದು ಹಿಡಿ ಅವರಿಗೂ ಸಲ್ಲಬೇಕು. ನಮ್ಮ ಬಳ್ಳಿ ಒಣಗಿಹೋದ ವರ್ಷ ಅವರ ಮನೆಯಿಂದಲೇ ಅದು ನಮಗೆ ಮರಳಿ ಬರುತ್ತದೆ.

ಈ ಸಲ ಬಳ್ಳಿ ಹಬ್ಬಿದಾಗ ಚೆಂದದ ಒಂದು ಕಾಯಿಯ ತೊಟ್ಟಿಗೆ ಹಳೆ ಸೀರೆಯ ಅಂಚಿನ ತುಂಡೊಂದನ್ನು ಸಡಿಲವಾಗಿ ಕಟ್ಟಿಬಿಡಿ. ಇದು ಬೀಜಕ್ಕೆ ಎಂದು ಮನೆಯವರಿಗೆಲ್ಲ ತಿಳಿದಿರಲಿ.