ಕೇಳದೆ ಆಡಿದ ಮಾತು

ತಂಗಿಯ ಮಗಳು ಇಂಗ್ಲಿಷ್ ಪರೀಕ್ಷೆಯೊಂದಕ್ಕೆ ತಯಾರಾಗುತ್ತಿದ್ದಾಳೆ. ಹೊರದೇಶಕ್ಕೆ ಓದಲು ಹೋಗುವವರು ಬರೆಯುವ ಪರೀಕ್ಷೆ. ಅದರಲ್ಲಿ ಮಾತಾಡುವ ಭಾಗವೂ ಒಂದಿದೆ. ಎದುರಿಗೆ ಕೂತ ಪರೀಕ್ಷಕರು ಊರು, ಊಟ, ಹವ್ಯಾಸಗಳ ಬಗ್ಗೆ ಕೇಳುತ್ತಾರೆ. ಸಂಗೀತದ ಬಗ್ಗೆ ಕೇಳುವುದೂ ಉಂಟು. ನಿಮಗೆ ಎಂಥ ಸಂಗೀತ ಇಷ್ಟ, ಚಿಕ್ಕಂದಿನಲ್ಲಿ ಏನು ಕೇಳುತ್ತಿದ್ದಿರಿ, ಹೀಗೆ. ಕೋಚಿಂಗ್‌ನವರು ಇದಕ್ಕೆಂದೇ ಒಂದು ಹಾಳೆ ಕೊಟ್ಟಿದ್ದರು. ಕ್ಯಾಚಿ ಟ್ಯೂನ್, ಸೂದಿಂಗ್ ಮೆಲಡಿ, ಎಕ್ಲೆಕ್ಟಿಕ್ ಟೇಸ್ಟ್, ಟೋನ್ ಡೆಫ್ ಎಂದು ಮೇಲಿಂದ ಕೆಳಗಿನವರೆಗೆ ಪದಗಳು.

"ಮಾವ, ನೀವೇ ಪರೀಕ್ಷಕರು ಅಂದ್ಕೊಳ್ಳಿ. ಕೇಳಿ ನನ್ನ" ಅಂದಳು. ಕೇಳಿದೆ. ಒಂದೇ ಉಸಿರಿನಲ್ಲಿ ಹೇಳಿದಳು: ತನ್ನ ಸಂಗೀತದ ಅಭಿರುಚಿ ಎಕ್ಲೆಕ್ಟಿಕ್, ಸೂದಿಂಗ್ ಮೆಲಡಿಗಳು ತನ್ನ ದಣಿವು ಕಳೆಯುತ್ತವೆ, ಕ್ಯಾಚಿ ಟ್ಯೂನ್ ಕಿವಿಗೆ ಬಿದ್ದರೆ ದಿನವಿಡೀ ಗುನುಗುತ್ತಿರುತ್ತಾಳೆ. ಉಚ್ಚಾರಣೆ ಚೆನ್ನಾಗಿತ್ತು. ವ್ಯಾಕರಣ ತಪ್ಪಲಿಲ್ಲ.

"ಎಕ್ಲೆಕ್ಟಿಕ್ ಅಂದ್ರೆ ಏನೇ?"

"ಎಲ್ಲ ಥರದ್ದೂ ಇಷ್ಟ ಅಂತ."

"ನೀನು ಎಲ್ಲ ಥರದ್ದೂ ಕೇಳ್ತೀಯಾ?"

"ಇಲ್ಲ ಮಾವ. ಆದ್ರೆ ಆ ಪದಕ್ಕೆ ಮಾರ್ಕ್ಸ್ ಬರುತ್ತೆ."

ಇಬ್ಬರೂ ನಕ್ಕೆವು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಅವಳು ಹೇಳಿದ್ದು ದೊಡ್ಡ ಸುಳ್ಳೇನಲ್ಲ. ಪರೀಕ್ಷೆಯಲ್ಲಿ ಯಾರೂ ಪ್ರಮಾಣ ಮಾಡಿ ಮಾತಾಡುವುದಿಲ್ಲ. ಅಲ್ಲಿ ಅಳೆಯುವುದು ಭಾಷೆಯನ್ನು, ಸತ್ಯವನ್ನಲ್ಲ. ಹಾಗಿದ್ದರೂ ನನಗೆ ಇರುಸುಮುರುಸಾಯಿತು. ಯಾಕೆಂದರೆ ಅಂಥದೇ ಮಾತನ್ನು, ಯಾವ ಪರೀಕ್ಷೆಯೂ ಇಲ್ಲದೆ, ನಾನೂ ಆಡಿದ್ದೆ.

ಕೆಲವು ವರ್ಷಗಳ ಹಿಂದೆ ಕಚೇರಿಗೆ ಬಂದಿದ್ದ ವಿದೇಶಿ ಅತಿಥಿಯೊಬ್ಬರು ಊಟದ ಹೊತ್ತಿನಲ್ಲಿ ರಾಗ ಎಂದರೇನು ಎಂದು ಕೇಳಿದರು. ನಿಜವಾದ ಕುತೂಹಲದಿಂದಲೇ ಕೇಳಿದರು. "ಅದೊಂದು ಬಗೆಯ ಸ್ಕೇಲ್" ಎಂದೆ. ಅವರು ತಲೆಯಾಡಿಸಿದರು. ಮಾತು ಊಟದ ಕಡೆ ತಿರುಗಿತು. ಅವರಿಗೆ ಗೊತ್ತಿದ್ದ ಪದವನ್ನೇ ಅವರಿಗೆ ಕೊಟ್ಟು, ಅವರ ಪ್ರಶ್ನೆಯನ್ನು ಮುಗಿಸಿಬಿಟ್ಟಿದ್ದೆ.

ಸ್ಕೇಲ್ ಎಂಬ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದಕ್ಕೆ ಏಣಿ ಎಂದರ್ಥ. ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಸ್ವರ. ರಾಗಕ್ಕೂ ಆರೋಹಣ, ಅವರೋಹಣ ಇರುವುದರಿಂದ ಈ ಪದ ಪೂರಾ ತಪ್ಪೂ ಅಲ್ಲ. ಆದರೆ ಅಷ್ಟಕ್ಕೇ ನಿಂತರೆ ಏನಾಗುತ್ತದೆ ನೋಡಿ. ಕರ್ನಾಟಕ ಸಂಗೀತದ ಎಂಟನೆಯ ಮೇಳ ಹನುಮತೋಡಿ. ಅದರ ಸ್ವರಗಳನ್ನು ಬಿಡಿಬಿಡಿಯಾಗಿ ಬರೆದರೆ ಅವು ಹಿಂದುಸ್ತಾನಿಯ ಭೈರವಿ ಥಾಟಿನ ಸ್ವರಗಳೇ. ಯುರೋಪಿನವರು ಫ್ರಿಜಿಯನ್ ಎನ್ನುವುದೂ ಅದೇ ಏಣಿಯನ್ನು. ಏಣಿ ಒಂದೇ. ಆದರೆ ಮೈಸೂರಿನ ಕಚೇರಿಯಲ್ಲಿ ಕೇಳಿದ ತೋಡಿಯನ್ನೂ ಧಾರವಾಡದ ಬೈಠಕ್ಕಿನ ಕೊನೆಯಲ್ಲಿ ಕೇಳಿದ ಭೈರವಿಯನ್ನೂ ಒಂದೇ ಎನ್ನುವವರು ಯಾರೂ ಇಲ್ಲ. ಎರಡನ್ನೂ ಬೇರೆ ಮಾಡುವುದು ಏಣಿಯಲ್ಲಿ ಇಲ್ಲವೇ ಇಲ್ಲ. ಅದಿರುವುದು ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯಲ್ಲಿ, ಎಲ್ಲಿ ನಿಲ್ಲಬೇಕು, ಎಲ್ಲಿ ತೂಗಬೇಕು ಎನ್ನುವುದರಲ್ಲಿ.

ಗಮಕದ ಕಥೆಯೂ ಹೀಗೆಯೇ. ಅದನ್ನು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಆರ್ನಮೆಂಟ್ ಎನ್ನುತ್ತಾರೆ, ಒಡವೆ. ಒಡವೆ ತೆಗೆದಿಟ್ಟರೂ ಮೈ ಇರುತ್ತದೆ. ತೋಡಿಯ ಗಾಂಧಾರದಿಂದ ಗಮಕ ತೆಗೆದರೆ ಉಳಿಯುವುದು ತೋಡಿಯಲ್ಲ. ಆ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವಂಥದ್ದಲ್ಲ. ಅಕ್ಕಪಕ್ಕದ ರಿಷಭ, ಮಧ್ಯಮಗಳ ಕಡೆಗೆ ತೂಗುತ್ತ ಇರುವುದೇ ಅದರ ಇರವು. ಒಡವೆ ಎಂದು ಕರೆದ ಕೂಡಲೇ ಇದ್ದದ್ದು ಸೇರಿಸಿದ್ದಾಗಿಬಿಡುತ್ತದೆ. ಪದ ಒಂದೇ ಆದರೂ ಅದರ ಬೆನ್ನಿಗೆ ಒಂದು ಸಿದ್ಧಾಂತವೇ ಬರುತ್ತದೆ.

ಈ ತೊಡಕು ಹಳೆಯದು. ಕಲ್ಕತ್ತೆಯ ವಿಲಿಯಂ ಜೋನ್ಸ್ ಹಿಂದೂ ಸಂಗೀತದ ಬಗ್ಗೆ ಬರೆದ ಪ್ರಬಂಧ 1792ರಲ್ಲಿ ಅಚ್ಚಾಯಿತು. ರಾಗಕ್ಕೆ ಅವನು ಹಿಡಿದ ಪದ ಮೋಡ್. ಅದು ಅವನ ಪ್ರಬಂಧದ ಹೆಸರಿನಲ್ಲೇ ಇದೆ. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣದ ಸಂಗೀತವನ್ನು ಕಲಿತು ಬರೆದ ಅಮೆರಿಕದ ವಿದ್ವಾಂಸ ಹೆರಾಲ್ಡ್ ಪವರ್ಸ್, ರಾಗ ಸ್ಕೇಲೂ ಅಲ್ಲ, ಟ್ಯೂನೂ ಅಲ್ಲ, ಅವೆರಡರ ನಡುವಿನ ಹರಹಿನಲ್ಲಿ ಇರುವಂಥದ್ದು ಎಂದು ವಿವರಿಸಿದರು. ಅವರೂ ಬಳಸಿದ್ದು ಇಂಗ್ಲಿಷನ್ನೇ. ಆದರೆ ಇದ್ದ ಪದವೊಂದನ್ನು ತಂದು ಮುಚ್ಚಳದಂತೆ ಹಾಕಲಿಲ್ಲ. ಎರಡು ಪದಗಳ ನಡುವೆ ಜಾಗ ಬಿಟ್ಟರು. ಆ ಜಾಗದಲ್ಲಿ ಕೇಳುಗ ತಾನೇ ಕಿವಿಗೊಟ್ಟು ನಿಲ್ಲಬೇಕು. ನನ್ನ ಅತಿಥಿಗೆ ನಾನು ಕೊಡದೇ ಹೋದದ್ದು ಅದನ್ನು.

ಹಾಗಾದರೆ ಏನು ಹೇಳಬೇಕಿತ್ತು? ನಮ್ಮಲ್ಲಿ ಇನ್ನೊಂದು ಉತ್ತರ ಸದಾ ಸಿದ್ಧವಿರುತ್ತದೆ: ರಾಗ ಮಾತಿಗೆ ನಿಲುಕದ್ದು, ಅನುಭವಿಸಿಯೇ ತಿಳಿಯಬೇಕು. ಕೇಳಲು ವಿನಯದ ಮಾತು. ಆದರೆ ಅದರೊಳಗೆ ಒಂದು ಬಿಗುಮಾನ ಇದೆ. ನಿನಗೆ ಇದು ತಿಳಿಯುವಂಥದ್ದಲ್ಲ, ಹೊರಗೇ ಇರು ಎನ್ನುವ ಧ್ವನಿ. ಸ್ಕೇಲ್ ಎಂದು ಹೇಳಿ ಬಾಗಿಲು ಮುಚ್ಚುವುದಕ್ಕೂ, ಮಾತಿಗೆ ನಿಲುಕದ್ದು ಎಂದು ಹೇಳಿ ಮುಚ್ಚುವುದಕ್ಕೂ ಕೇಳಿದವನ ಪಾಲಿಗೆ ವ್ಯತ್ಯಾಸವಿಲ್ಲ. ಎರಡರಲ್ಲೂ ಹೇಳುವ ಶ್ರಮ ತಪ್ಪಿಸಿಕೊಂಡವನು ನಾನೇ.

ಇಷ್ಟು ಹೇಳಿದ ಮೇಲೆ ದೋಷವನ್ನೆಲ್ಲ ಇಂಗ್ಲಿಷಿನ ತಲೆಗೆ ಕಟ್ಟುವುದು ಸುಲಭ. ಅದು ನ್ಯಾಯವಲ್ಲ. ಕನ್ನಡದಲ್ಲಿ ಬರುವ ಕಚೇರಿ ವರದಿಗಳನ್ನು ಓದಿ. ಗಾಯಕರು ಶ್ರೋತೃಗಳನ್ನು ಗಂಧರ್ವಲೋಕಕ್ಕೆ ಕರೆದೊಯ್ದರು, ರಸಿಕರ ಮನ ತಣಿಸಿದರು, ಸಂಗೀತದ ರಸದೌತಣ ಉಣಬಡಿಸಿದರು. ಕಚೇರಿಗೆ ಹೋಗದೆಯೂ ಬರೆಯಬಹುದಾದ ವಾಕ್ಯಗಳು ಇವು. ನನ್ನ ಸೊಸೆಯ ಎಕ್ಲೆಕ್ಟಿಕ್‌ಗೂ ನಮ್ಮ ಗಂಧರ್ವಲೋಕಕ್ಕೂ ಏನು ಭೇದ? ಎರಡೂ ಕಿವಿಯನ್ನು ಕೇಳದೆ ನಾಲಿಗೆ ಆಡಿದ ಮಾತುಗಳು.

ಇಂಗ್ಲಿಷ್ ಪದ ನನಗೆ ಕಿವಿ ಕೊಟ್ಟದ್ದೂ ಉಂಟು. ರಾಜನ್–ನಾಗೇಂದ್ರ ಜೋಡಿಯ ಎಪ್ಪತ್ತರ ದಶಕದ ಹಾಡುಗಳನ್ನು ಹುಡುಗನಾಗಿದ್ದಾಗಿನಿಂದ ಕೇಳಿದ್ದೇನೆ. ನನಗೆ ಕೇಳುತ್ತಿದ್ದದ್ದು ಕಂಠ, ಅದರ ನಂತರ ಪಿಟೀಲು, ಕೊಳಲು. ಗಿಟಾರ್ ಕಲಿಯುತ್ತಿದ್ದ ಗೆಳೆಯನೊಬ್ಬ ಒಮ್ಮೆ "ಬೇಸ್ ಲೈನ್ ಕೇಳು" ಎಂದ. ಹಾಡಿನ ತಳದಲ್ಲಿ, ತನ್ನದೇ ದಾರಿಯಲ್ಲಿ ನಡೆಯುವ ಇನ್ನೊಂದು ರಾಗಸಂಚಾರವಿದೆ ಎಂದು ಆವತ್ತು ತಿಳಿಯಿತು. ಅದು ಮೊದಲಿಂದಲೂ ಅಲ್ಲೇ ಇತ್ತು. ಹೆಸರು ಸಿಕ್ಕಿದ ಮೇಲೆ ಕೇಳಿಸಿತು. ಎಷ್ಟೋ ಹಳೆಯ ಹಾಡುಗಳನ್ನು ಅದೊಂದಕ್ಕಾಗಿ ಮತ್ತೆ ಕೇಳಿದೆ.

ಪದ ಕಿವಿಯನ್ನು ತಿದ್ದುತ್ತದೆ ಎನ್ನುವುದಕ್ಕೆ ಪ್ರಯೋಗದ ಆಧಾರವೂ ಇದೆ. ಡಚ್ ಭಾಷೆಯಲ್ಲಿ ಇಂಗ್ಲಿಷಿನ ಹಾಗೆಯೇ ಸ್ವರಕ್ಕೆ ಎತ್ತರ, ತಗ್ಗು. ಪಾರಸಿಯಲ್ಲಿ ತೆಳು, ದಪ್ಪ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡೂ ಭಾಷೆಯವರಿಗೆ ಸ್ವರಗಳನ್ನು ಕೇಳಿಸಿ, ಜೊತೆಗೆ ಪರದೆಯ ಮೇಲೆ ಗೆರೆಗಳನ್ನು ತೋರಿಸಿ, ಕೇಳಿದ ಸ್ವರವನ್ನು ಹಾಡಲು ಹೇಳಿದರು. ಗೆರೆ ಮೇಲಿದ್ದರೆ ಡಚ್ಚರ ಸ್ವರ ಏರುತ್ತಿತ್ತು. ಗೆರೆಯ ದಪ್ಪ ಅವರನ್ನು ತಟ್ಟಲಿಲ್ಲ. ಪಾರಸಿಯವರಲ್ಲಿ ಇದಕ್ಕೆ ತದ್ವಿರುದ್ಧ. ಆಮೇಲೆ ಕೆಲವು ಡಚ್ಚರಿಗೆ ಸ್ವರಗಳನ್ನು ತೆಳು, ದಪ್ಪ ಎಂದು ಕರೆಯುವ ಅಭ್ಯಾಸ ಮಾಡಿಸಿದರು. ಅವರೂ ಪಾರಸಿಯವರಂತೆ ಗೆರೆಯ ದಪ್ಪಕ್ಕೆ ಮಣಿಯತೊಡಗಿದರು. ಹೊಸ ಮಾತು ಹಳೆಯ ಕಿವಿಯೊಳಗೆ ಇಳಿದಿತ್ತು.

ಹಾಗಾಗಿ ಸಂಗೀತದ ಪದ ಕಲಿಯುವುದು ಬರಿಯ ಶಬ್ದಸಂಗ್ರಹವಲ್ಲ. ಅದು ಹೇಗೆ ಕೇಳಬೇಕು ಎಂಬುದನ್ನು ಕಲಿಯುವುದು. ಹೊಸದನ್ನು ಕಲಿಯುವಾಗ ಹಳೆಯದು ಏನಾಯಿತು ಎಂದು ಕೇಳಿಕೊಳ್ಳುವ ಹೊಣೆಯೂ ಅದರ ಜೊತೆಗೇ ಬರುತ್ತದೆ.

ನಮ್ಮಲ್ಲಿ ಏನಿದೆ? ಎತ್ತರವೂ ಇದೆ, ದಪ್ಪವೂ ಇದೆ. ಏರುದನಿ ಎನ್ನುತ್ತೇವೆ, ದಪ್ಪ ದನಿ ಎಂದೂ ಎನ್ನುತ್ತೇವೆ. ವೀಣೆಯಲ್ಲಂತೂ ಕೈ ಯಾಳಿಯ ಕಡೆಯಿಂದ ಕೊಡದ ಕಡೆಗೆ ಜಾರಿದಂತೆ ಸ್ವರ ತಾರಕ್ಕೆ ಹೋಗುತ್ತದೆ. ಅಲ್ಲಿ ಏರುವುದೆಂದರೆ ಸರಿಯುವುದು. ಕಂಚಿನ ಕಂಠ, ಕೀರಲು ದನಿ, ಗೊಗ್ಗರು ದನಿ ಇವೆ. ನಾಲಿಗೆಗೆ ಸಿಹಿ, ಮೂಗಿಗೆ ಕಂಪು, ಕಿವಿಗೆ ಇಂಪು. ಕಿವಿಯ ಸವಿಗೆ ಬೇರೆಯೇ ಪದ ಇಟ್ಟುಕೊಂಡ ಭಾಷೆ ಇದು. ಇಂಗ್ಲಿಷ್ ಎಲ್ಲ ವಾದ್ಯಕ್ಕೂ ಪ್ಲೇ ಎನ್ನುತ್ತದೆ, ಮಕ್ಕಳ ಆಟಕ್ಕೆ ಬಳಸುವ ಪದವನ್ನೇ. ಆ ಹಗುರದಲ್ಲೂ ಒಂದು ಚೆಲುವಿದೆ. ನಾವು ಕೊಳಲು ಊದುತ್ತೇವೆ, ತಂಬೂರಿ ಮೀಟುತ್ತೇವೆ, ಡೋಲು ಬಾರಿಸುತ್ತೇವೆ, ವೀಣೆ ನುಡಿಸುತ್ತೇವೆ. ನುಡಿಸುವುದೆಂದರೆ ಮಾತಾಡಿಸುವುದು. ಈ ಪದಗಳನ್ನು ಯಾರೂ ನಮ್ಮಿಂದ ಕಿತ್ತುಕೊಂಡಿಲ್ಲ. ಸೂದಿಂಗ್ ಎಂದು ಹೇಳುವಾಗ ಇಂಪನ್ನು ಮರೆತದ್ದು ನಾವೇ.

ಎರಡನ್ನೂ ಇಟ್ಟುಕೊಳ್ಳಲು ಬರುವುದಿಲ್ಲವೆ? ಮೈಸೂರಿನಲ್ಲೇ ಉದಾಹರಣೆ ಇದೆ. ಜಯಚಾಮರಾಜ ಒಡೆಯರು ಯುರೋಪಿನ ಸಂಗೀತವನ್ನು ಶಾಸ್ತ್ರೀಯವಾಗಿ ಕಲಿತವರು. ರಷ್ಯದ ಮೆಟ್ನರ್ ಎಂಬ ವಾಗ್ಗೇಯಕಾರನ ಕೃತಿಗಳು ಧ್ವನಿಮುದ್ರಣವಾಗಲು ಹಣ ಕೊಟ್ಟವರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಅದೇ ವ್ಯಕ್ತಿ ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಆ ಕೃತಿಗಳು ಕೃತಿಗಳೇ. ಮೆಟ್ನರನ ಸೊನಾಟ ಸೊನಾಟವೇ. ಒಂದನ್ನು ಇನ್ನೊಂದರ ಅನುವಾದ ಮಾಡಿಕೊಳ್ಳದೆ ಎರಡಕ್ಕೂ ಕಿವಿಗೊಟ್ಟರು. ಅರಮನೆಯ ಅನುಕೂಲ ಎಲ್ಲರಿಗೂ ಇಲ್ಲ, ನಿಜ. ಆದರೆ ಕಿವಿಗೊಡುವುದಕ್ಕೆ ಅರಮನೆ ಬೇಕಿಲ್ಲ.

ಆಮೇಲೆ ನಾನು ನನಗಾಗಿ ಒಂದು ಸಣ್ಣ ಒರೆಗಲ್ಲು ಮಾಡಿಕೊಂಡೆ. ಸಂಗೀತದ ಹೊಸ ಪದವೊಂದನ್ನು ಕಲಿತಾಗ, ಹಾಡನ್ನು ಇನ್ನೊಮ್ಮೆ ಕೇಳಬೇಕು ಅನಿಸಿತೋ, ಇನ್ನು ಕೇಳಬೇಕಿಲ್ಲ ಅನಿಸಿತೋ? ಬೇಸ್ ಲೈನ್ ನನ್ನನ್ನು ಹಾಡಿಗೆ ಮರಳಿಸಿತು. ಸ್ಕೇಲ್ ನನ್ನ ಅತಿಥಿಯನ್ನು ರಾಗದಿಂದ ಆಚೆ ಕಳಿಸಿತು. ಪದದ ಭಾಷೆ ಯಾವುದು ಎನ್ನುವುದಕ್ಕಿಂತ, ಅದು ನಮ್ಮನ್ನು ಯಾವ ಕಡೆ ಕಳಿಸುತ್ತದೆ ಎನ್ನುವುದು ಮುಖ್ಯ.

ಮರುದಿನ ಸೊಸೆಯನ್ನು ಮತ್ತೆ ಕೂರಿಸಿಕೊಂಡೆ. "ಹಾಳೆ ಆಚೆ ಇಡು. ನಿನಗೆ ಗೊತ್ತಿರೋ ಚಿಕ್ಕ ಚಿಕ್ಕ ಇಂಗ್ಲಿಷಿನಲ್ಲೇ ಹೇಳು. ಆದರೆ ನಿಜವಾಗಿ ಕೇಳಿದ್ದನ್ನ ಹೇಳು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಿಧಾನವಾಗಿ ಹೇಳಿದಳು. ನಮ್ಮಜ್ಜಿ ಬೆಳಿಗ್ಗೆ ತೋಡಿಯಲ್ಲಿ ಒಂದು ದೇವರನಾಮ ಹಾಡ್ತಾರೆ. ನಾನು ಸಣ್ಣವಳಿದ್ದಾಗ ಕೀಬೋರ್ಡಿನಲ್ಲಿ ಬಿಳಿ ಮೂರನ್ನು ಷಡ್ಜ ಮಾಡಿಕೊಂಡು, ಬರೀ ಬಿಳಿ ಮನೆಗಳನ್ನೇ ಒತ್ತಿ ಅದನ್ನು ಹುಡುಕಿದೆ. ಸ್ವರಗಳೆಲ್ಲ ಸಿಕ್ಕಿದವು. ಅಜ್ಜಿಗೆ ಕೇಳಿಸಿದೆ. ಅಜ್ಜಿ, ಎಲ್ಲ ಸರಿಯಾಗಿದೆ ಪುಟ್ಟ, ಆದರೆ ಇದು ತೋಡಿಯಲ್ಲ ಅಂದರು. ಗಾಂಧಾರ ಅಲುಗಬೇಕು ಅಂದರು. ನನ್ನ ಕೀಬೋರ್ಡಿನಲ್ಲಿ ಅದು ಅಲುಗಲ್ಲ. ಅದಕ್ಕೇ ನಾನು ಅದನ್ನು ಈಗಲೂ ಅವರ ಬಾಯಲ್ಲೇ ಕೇಳ್ತೀನಿ.

ಇದನ್ನೆಲ್ಲ ಅವಳು ಇಂಗ್ಲಿಷಿನಲ್ಲೇ ಹೇಳಿದಳು. ಹಾಳೆಯ ಒಂದು ಪದವೂ ಬರಲಿಲ್ಲ. ಗಾಂಧಾರ, ತೋಡಿ ಎಂಬ ಎರಡು ಪದಗಳನ್ನು ಹಾಗೆಯೇ ಇಟ್ಟುಕೊಂಡಳು. ಅಲುಗು ಎನ್ನುವುದಕ್ಕೆ ಮೊದಲು ಶೇಕ್ ಎಂದಳು, ಸರಿಹೋಗಲಿಲ್ಲ ಎಂದು ಬಿಟ್ಟಳು, ಸ್ವಿಂಗ್ ಎಂದಳು, ಅದೂ ಬೇಡವೆಂದು ಕೈಯಲ್ಲಿ ತೂಗಿ ತೋರಿಸಿದಳು.

"ಇದಕ್ಕೆ ಮಾರ್ಕ್ಸ್ ಬರುತ್ತಾ ಮಾವ?"

ನನಗೆ ಗೊತ್ತಿಲ್ಲ ಎಂದೆ. ಆದರೆ ಆ ಅತಿಥಿ ಅವತ್ತು ನನ್ನ ಬದಲು ಇವಳನ್ನು ಕೇಳಿದ್ದರೆ, ಊಟ ಮುಗಿಯುವ ಮೊದಲು "ಅದನ್ನು ಎಲ್ಲಿ ಕೇಳಬಹುದು?" ಎಂದು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು ಅನಿಸುತ್ತದೆ.

ಪರೀಕ್ಷೆ ಮುಂದಿನ ತಿಂಗಳು. ಹಾಳೆಯನ್ನು ಅವಳು ಎಸೆದಿಲ್ಲ. ಎಸೆಯುವುದು ಬೇಡ ಎಂದು ನಾನೇ ಹೇಳಿದ್ದೇನೆ. ದಿನಕ್ಕೊಂದು ಪದ ತೆಗೆದುಕೊಂಡು ಅದು ಹೊಂದುವ ಹಾಡನ್ನು ಹುಡುಕುತ್ತಿದ್ದಾಳೆ. ಕ್ಯಾಚಿಗೆ ಸಿಕ್ಕಿದೆ. ಸೂದಿಂಗ್‌ಗೆ ಇನ್ನೂ ಹುಡುಕುತ್ತಿದ್ದಾಳೆ.