6 ಮಿಲಿಗ್ರಾಂ, ಆದರೆ ಯಾವಾಗ?

ಮೇಷ್ಟ್ರು: ವೈರಸ್ ಇನ್ನೂ ಮೈಯಲ್ಲಿರುವಾಗಲೇ ಅದರೊಡನೆ ಸೆಣಸುವ ರೋಗನಿರೋಧಕ ಶಕ್ತಿಯನ್ನು ಔಷಧ ಕೊಟ್ಟು ತಗ್ಗಿಸುತ್ತೀರಲ್ಲ, ಅದು ನನಗೆ ಒಪ್ಪಿಗೆಯಾಗುವುದಿಲ್ಲ ಡಾಕ್ಟರೇ. ದೇಹ ಮಾಡುವುದಕ್ಕೆಲ್ಲ ಕಾರಣವಿರುತ್ತದೆ. ಅಡ್ಡ ಬರಲು ನಾವು ಯಾರು?

ವೈದ್ಯೆ: ಕಾರಣವಿರುತ್ತದೆ, ಆದರೆ ಎಲ್ಲಿ ನಿಲ್ಲಿಸಬೇಕೆಂಬ ಅಂದಾಜು ಕೆಲವೊಮ್ಮೆ ದೇಹಕ್ಕೆ ತಪ್ಪುತ್ತದೆ ಮೇಷ್ಟ್ರೇ. ಕೋವಿಡ್‌ನಲ್ಲಿ ಅನೇಕರಿಗೆ ಉಸಿರಾಟ ಬಿಗಡಾಯಿಸುತ್ತಿದ್ದುದು ಲಕ್ಷಣ ಕಂಡ ಸುಮಾರು ಒಂದು ವಾರದ ನಂತರ, ವೈರಸ್ ಪ್ರಮಾಣ ಇಳಿಯತೊಡಗಿದ ಹೊತ್ತಿಗೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಆಗ ನೀರು ತುಂಬಿಸುತ್ತಿದ್ದುದು ಬಹುಪಾಲು ನಮ್ಮದೇ ಉರಿಯೂತ. ಇದಕ್ಕೆ ಪುರಾವೆ 2020ರಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಿಂದ ಬಂತು. ಚೀಟಿ ಎತ್ತಿದಂತೆ ಆರಿಸಿದ 2104 ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರು. 4321 ಮಂದಿಗೆ ಎಂದಿನ ಆರೈಕೆ ಮಾತ್ರ. ವೆಂಟಿಲೇಟರ್ ಮೇಲಿದ್ದವರ ಪೈಕಿ 28 ದಿನಗಳಲ್ಲಿ ಸತ್ತವರು, ಔಷಧವಿಲ್ಲದ ಗುಂಪಿನಲ್ಲಿ ಶೇ. 41.4, ಔಷಧ ಪಡೆದ ಗುಂಪಿನಲ್ಲಿ ಶೇ. 29.3. ಅದೂ ದಶಕಗಳಿಂದ ಬಳಕೆಯಲ್ಲಿರುವ, ತಾಲ್ಲೂಕು ಆಸ್ಪತ್ರೆಯ ಕೈಗೂ ಎಟಕುವ ಅಗ್ಗದ ಮದ್ದಿನಿಂದ.

ಮೇಷ್ಟ್ರು: ಅಷ್ಟು ಒಳ್ಳೆಯದಾದರೆ ಜ್ವರ ಬಂದ ಮೊದಲ ದಿನವೇ ಕೊಡಿ. ಹದಗೆಡಲಿ ಎಂದು ಕಾಯುವುದು ನ್ಯಾಯವೇ?

ವೈದ್ಯೆ: ಅದೇ ಪ್ರಯೋಗ ಇದಕ್ಕೂ ಉತ್ತರಿಸಿದೆ. ಆಮ್ಲಜನಕ ಬೇಕಿಲ್ಲದವರಲ್ಲಿ ಔಷಧ ಪಡೆದವರ ಸಾವು ಶೇ. 17.8, ಪಡೆಯದವರದು 14. ಈ ಅಂತರ ಆಕಸ್ಮಿಕವೂ ಇರಬಹುದು. ಲಾಭದ ಸುಳಿವಂತೂ ಇಲ್ಲ. ವೈರಸ್ ಬೆಳೆಯುತ್ತಿರುವಾಗ ಕಾವಲು ಸಡಿಲಿಸುವುದು ಅಪಾಯ. 2021ರ ಎರಡನೇ ಅಲೆಯಲ್ಲಿ ಮನೆಯಲ್ಲಿದ್ದವರೂ ಸ್ಟೆರಾಯ್ಡ್ ನುಂಗಿದರು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರನ್ನು ಕಪ್ಪು ಶಿಲೀಂಧ್ರ ಹಿಡಿಯಿತು. ಕರ್ನಾಟಕದಲ್ಲೂ ಜನ ಕಣ್ಣು, ದವಡೆ, ಜೀವ ಕಳೆದುಕೊಂಡರು. ಆ ನೋವಿಗೆ ಸ್ಟೆರಾಯ್ಡ್‌ನ ಅತಿಬಳಕೆಯೂ ಒಂದು ಕಾರಣ ಎಂದು ಹೇಳಲೇಬೇಕು.

ಮೇಷ್ಟ್ರು: ಆದರೂ ಇವೆಲ್ಲ ಗುಂಪಿನ ಲೆಕ್ಕ. ನಿಮ್ಮೆದುರು ಮಲಗಿರುವವರು ಒಬ್ಬರೇ.

ವೈದ್ಯೆ: ನಿಜ, ಆ ಒಬ್ಬರಿಗೆ ಏನಾಗುತ್ತದೆಂದು ಯಾವ ಪ್ರಯೋಗವೂ ಹೇಳದು. ಅದಕ್ಕೇ ಆಮ್ಲಜನಕ ಬೇಕಾಯಿತೇ ಎಂಬ ಗುರುತನ್ನು ನಾನು ಬಿಗಿಯಾಗಿ ಹಿಡಿಯುತ್ತೇನೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಯಾವ ಹಳ್ಳಿಯಲ್ಲೂ ಅದನ್ನು ತೋರಿಸಬಲ್ಲದು. ಸ್ಟೆರಾಯ್ಡ್ ಕೊಟ್ಟರೂ ಉರಿಯೂತ ಏರುತ್ತಿದ್ದರೆ ಅದನ್ನು ಕೆರಳಿಸುವ ಇಂಟರ್‌ಲ್ಯೂಕಿನ್-6ರ ಸಂಕೇತ ತಡೆಯುವ ಟೋಸಿಲಿಜುಮ್ಯಾಬ್ ಎಂಬ ಔಷಧ ಇದೆ, ಬೆಲೆ ಮಾತ್ರ ಬಡವರ ಕೈಗೆ ನಿಲುಕದು. ಈ ಗುರುತನ್ನು ಬೇರೆ ಸೋಂಕುಗಳಿಗೆ ಹಾಗೆಯೇ ಒಯ್ಯುವಂತಿಲ್ಲ. ಇನ್‌ಫ್ಲುಯೆಂಜಾದಲ್ಲಿ ಸ್ಟೆರಾಯ್ಡ್ ಪಡೆದವರ ಸಾವು ಹೆಚ್ಚಿದ್ದುದನ್ನು ಹಲವು ಅವಲೋಕನಗಳು ಕಂಡಿವೆ. ಹೆಚ್ಚು ನರಳುತ್ತಿದ್ದವರಿಗೇ ಅದನ್ನು ಕೊಟ್ಟಿರಬಹುದು, ಆದ್ದರಿಂದ ಅಲ್ಲಿಯೂ ಚೀಟಿ ಎತ್ತಿ ನೋಡುವ ಪ್ರಯೋಗವೇ ಬೇಕು.