ಹೊಗೆ ಯಾರ ಲೆಕ್ಕಕ್ಕೆ?

ಮೊನ್ನೆ ಪಾಠ ಮುಗಿಸಿ ಹೊರಬರುತ್ತಿದ್ದಾಗ, ಕೂಡಗಿಯ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ, "ಸರ, ನಮ್ಮೂರ ಹೊಗಿ ಯಾರ ಲೆಕ್ಕಕ್ಕ ಬರೀತಾರ್ರೀ?" ಎಂದು ಕೇಳಿದ. ಛಂದಸ್ಸಿನ ಮಾತ್ರೆ ಎಣಿಸುವ ನನಗೆ ಹೊಗೆಯ ಲೆಕ್ಕ ಎಲ್ಲಿಂದ ಬರಬೇಕು? ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಪ್ರಶ್ನೆ ಮಾತ್ರ ನನ್ನೊಡನೆ ಮನೆಗೆ ಬಂದಿತು.

ಈಗ ಪ್ರದೇಶ ಪ್ರದೇಶದ ಇಂಗಾಲ ದಕ್ಷತೆಯನ್ನು ಅಳೆಯುವುದುಂಟು. ಸೂತ್ರ ಸರಳ: ಗಳಿಸಿದ ಒಂದೊಂದು ರೂಪಾಯಿಗೆ ಎಷ್ಟು ಇಂಗಾಲಾಮ್ಲ ವಾಯುವನ್ನು ಬಿಟ್ಟಿರಿ? ಕಡಿಮೆ ಬಿಟ್ಟವನು ಜಾಣ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಹುಟ್ಟುವಾಗ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲಾಮ್ಲ ಆಕಾಶಕ್ಕೇರುತ್ತದೆ. ವಿದ್ಯುತ್ತು ತಂತಿ ಹಿಡಿದು ದೂರದ ಊರುಗಳಿಗೂ ನೆರೆಯ ರಾಜ್ಯಗಳಿಗೂ ಹೋಗುತ್ತದೆ. ಬೂದಿ ಇಲ್ಲಿಯೇ ಉಳಿಯುತ್ತದೆ. ಹೊಗೆ ಎದ್ದ ನೆಲದ ಹೆಸರಿಗೇ ಖರ್ಚು ಬರೆದರೆ ವಿಜಯಪುರ ದುಂದುಗಾರ, ದೀಪ ಉರಿಸುವ ಮಹಾನಗರ ಮಿತವ್ಯಯಿ! 2014ರಲ್ಲಿ ಈ ಸ್ಥಾವರವನ್ನು ವಿರೋಧಿಸಿದ ರೈತರ ಮೇಲೆ ಗೋಲಿಬಾರು ನಡೆದಿತ್ತು. ಅಂಥವರ ಊರಿನ ಮೇಲೆ ಈ ಅಪವಾದವನ್ನೂ ಹೊರಿಸುವುದು ನ್ಯಾಯವೆ?

ತಿಕೋಟಾದ ಶೆಡ್ಡುಗಳಲ್ಲಿ ದ್ರಾಕ್ಷಿಯನ್ನು ಬಲೆಗಳ ಮೇಲೆ ಹರಡಿ ನೆರಳಿನಲ್ಲಿ ಒಣಗಿಸುತ್ತಾರೆ. ನಮ್ಮ ಸೀಮೆಯ ಒಣ ಗಾಳಿಯೇ ಅಲ್ಲಿ ಒಲೆ. ಇದಕ್ಕಿಂತ ದಕ್ಷತೆ ಬೇಕೆ? ಆದರೆ ಜಿಲ್ಲೆಯ ಸರಾಸರಿಯಲ್ಲಿ ಈ ಜಾಣತನ ಕೂಡಗಿಯ ಹೊಗೆಯಡಿ ಮುಚ್ಚಿಹೋಗುತ್ತದೆ.

ಹಾಗೆಂದು ನಾವು ನಿರ್ದೋಷಿಗಳೆಂದು ಹಿಗ್ಗಬೇಕಾಗಿಲ್ಲ. ಬಬಲೇಶ್ವರದ ಹೊಲಗಳಿಗೆ ಏತ ನೀರಾವರಿಯಿಂದ ಕೃಷ್ಣೆ ಏರಿ ಬರುವುದೂ ವಿದ್ಯುತ್ತಿನಿಂದಲೇ. ನನ್ನ ಮನೆಯಲ್ಲಿ ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದೆವು, ಬಿಲ್ಲು ಇಳಿಯಿತು. ಆ ಧೈರ್ಯದ ಮೇಲೆ ಏಸಿ ಬಂದಿತು. ಬಿಲ್ಲು ಮೊದಲಿಗಿಂತ ಮೇಲೇರಿತು. ಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಬಳಸತೊಡಗಿದಷ್ಟೂ ದೇಶದ ಒಟ್ಟು ಖರ್ಚು ಬೆಳೆಯುತ್ತದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿಯೇ ವಾದಿಸಿದ್ದ. ನಮ್ಮ ಮನೆಯೇ ಅದಕ್ಕೆ ಸಾಕ್ಷಿ.

ಅಳತೆ ಬೇಡವೆಂದು ನಾನು ಹೇಳುತ್ತಿಲ್ಲ. ಅಳೆಯದೆ ಹೊಣೆಯನ್ನು ಹಂಚುವುದು ಹೇಗೆ? ಆದರೆ ದಕ್ಷತೆ 'ಹೇಗೆ' ಎಂದು ಕೇಳುತ್ತದೆಯೇ ಹೊರತು 'ಎಷ್ಟು ಸಾಕು' ಎಂದು ಕೇಳುವುದಿಲ್ಲ. ಅದನ್ನು ಕೇಳಿದವಳು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳಂತೆ. ಆ ದಿನ ಮಾರಯ್ಯನ ದಕ್ಷತೆಗೆ ಕೊರತೆಯಿರಲಿಲ್ಲ, ತಪ್ಪಿದ್ದು ಮಿತಿ.

ಯೂನಿಟ್ಟಿಗೆ ಕಲ್ಲಿದ್ದಲು ಕಡಿಮೆ ಮಾಡುವುದು ಸ್ಥಾವರದ ಕೈಯಲ್ಲಿದೆ. ಯೂನಿಟ್ಟುಗಳನ್ನೇ ಕಡಿಮೆ ಮಾಡುವುದು ಬಳಸುವವನ ಕೈಯಲ್ಲಿ. ಆದ್ದರಿಂದ ಮರುದಿನ ಹುಡುಗನಿಗೆ ಹೇಳಿದೆ: "ಅರ್ಧ ಸ್ಥಾವರದ ಲೆಕ್ಕಕ್ಕ ಬರಿಯಪಾ, ಇನ್ನರ್ಧ ಬೆಳಕು ಉಂಡವರ ಲೆಕ್ಕಕ್ಕ. ಅದರಾಗ ನನ್ನ ಹೆಸರೂ ಇರಲಿ."

"ನಿಮ್ಮ ಪಾಲು ಎಷ್ಟಂತ ಬರೀಲ್ರೀ, ಸರ?" ಎಂದ.

ಅಂದು ಸಂಜೆ ಹಳೆಯ ಬಿಲ್ಲುಗಳನ್ನೆಲ್ಲ ಮುಂದಿಟ್ಟುಕೊಂಡು ಕುಳಿತೆ.